ಪ್ರಿಂಟರ್ ಮಾತು ಕೇಳುವವರು

ನಮ್ಮ ಆಫೀಸಿನ ಸಿಸ್ಟಮ್ ಸಾಹೇಬರಿಗೆ ಅವಸರವೆಂದರೆ ಆಗಿಬರುವುದಿಲ್ಲ. ಲಿನಕ್ಸ್ ಕಂಪ್ಯೂಟರನ್ನು ಅಪ್‌ಗ್ರೇಡ್ ಮಾಡಿದ ಮರುದಿನ ಪ್ರಿಂಟರ್ ಮುಷ್ಕರ ಹೂಡುವುದು ನಮ್ಮಲ್ಲಿ ವಾಡಿಕೆ. ನಾವೆಲ್ಲ ಪ್ರಿಂಟ್ ಗುಂಡಿ ಒತ್ತಿ ಒತ್ತಿ, ಪ್ರಿಂಟರಿನ ತಲೆಗೊಂದು ಮೊಟಕಿ, "ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡ್ಬಿಡಿ" ಎಂದು ದುಂಬಾಲು ಬೀಳುತ್ತೇವೆ. ಅವರು ಕನ್ನಡಕ ಒರೆಸಿಕೊಂಡು ಕುರ್ಚಿ ಎಳೆದು ಕೂರುತ್ತಾರೆ. "ಬಾಯಿ ಮುಚ್ಚಿಸಿದ್ರೆ ಏನಾಗಿದೆ ಅಂತ ಗೊತ್ತಾಗೋದು ಹೇಗಪ್ಪಾ? ಮೊದಲು ಅದು ಹೇಳೋದನ್ನ ಕೇಳೋಣ." ಆಮೇಲೆ ಪ್ರಿಂಟ್ ಮಾಡಿಸುವ ಪ್ರೋಗ್ರಾಂ ತನ್ನ ಗೋಳನ್ನೆಲ್ಲ ಬರೆದಿಟ್ಟಿರುವ ಲಾಗನ್ನು ಮೊದಲ ಸಾಲಿನಿಂದ ಓದತೊಡಗುತ್ತಾರೆ, ನಡುನಡುವೆ "ಹೂಂ, ಹೇಳು" ಎಂದು ಪರದೆಗೇ ಹೂಂಗುಟ್ಟುತ್ತಾರೆ. ಕಾಯುವ ನಮಗೆ ಮುಳ್ಳಿನ ಮೇಲೆ ನಿಂತ ಹಾಗಾಗುತ್ತದೆ. ಮ್ಯಾನೇಜರ್ ಬಂದು ಕೆಮ್ಮಿದರೂ ಅವರು ಒಂದು ಸಾಲನ್ನೂ ಹಾರಿಸುವವರಲ್ಲ. ಕಡೆಗೆ ಅಪ್‌ಗ್ರೇಡಿನಲ್ಲಿ ಕಳೆದುಹೋದ ಡ್ರೈವರ್ ಫೈಲನ್ನು ಮತ್ತೆ ಹಾಕುತ್ತಲೇ, ನಾವು ಒತ್ತಿದ್ದೆಲ್ಲ ಒಂದರ ಹಿಂದೊಂದು ಹೊರಬೀಳುತ್ತದೆ. ಮೊನ್ನೆ ಅವರು ಹೀಗೆ ಓದುತ್ತಿದ್ದಾಗ ಮನೆಯಿಂದ ಫೋನ್ ಬಂತು. ಪಾರ್ಶ್ವವಾಯು ಹೊಡೆದ ಮೇಲೆ ಅವರ ಹೆಂಡತಿಗೆ ಮಾತು ತಡವರಿಸುತ್ತದೆ. "ಸೋ... ಸೋ..." ಎನ್ನುವುದು ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು. ಅವರು ಫೋನ್ ಹಿಡಿದು ಕಾಯುತ್ತ ಕೂತೇ ಇದ್ದರು. ತಡೆಯಲಾರದೆ, "ಸೋಪು ಇರ್ಬೇಕು ಸಾರ್, ನೀವೇ ಹೇಳ್ಬಿಡಿ" ಎಂದು ಪಿಸುಗುಟ್ಟಿದೆ. ಅವರು ಫೋನನ್ನು ಅಂಗೈಯಿಂದ ಮುಚ್ಚಿ, "ಗೊತ್ತಪ್ಪಾ, ಬೆಳಿಗ್ಗೇನೇ ಮುಗಿದಿತ್ತು. ಆದ್ರೆ ಹೇಳ್ಬೇಕಾಗಿರೋದು ಅವಳಲ್ವಾ" ಎಂದರು. ಮತ್ತೆ ಕಿವಿಗಿಟ್ಟುಕೊಂಡು, ಎಂದಿನ ಅದೇ ದನಿಯಲ್ಲಿ, "ಹೂಂ, ಹೇಳು" ಎಂದರು.