ಆ ರೊಸ್ಸಿ ಬೇರೆ, ಈ ರೊಸ್ಸಿ ಬೇರೆ

ಗಲ್ಫಿನ ಅವಾಲಿ ಎಂಬ ಊರಿನ ಕ್ಲಬ್ಬಿನ ಬಾಗಿಲಿಗೆ ಅಂಟಿಸಿದ್ದ ತನ್ನದೇ ಪೋಸ್ಟರನ್ನು ಆ ಇಟಲಿಯ ಗಾಯಕಿ ಪರ್ರನೆ ಹರಿದೇಬಿಟ್ಟಳು. ಎಂಬತ್ತರ ದಶಕದ ಮಾತು; ಏಣಿಯ ಮೇಲೆ ನಿಂತು ದೀಪ ಕಟ್ಟುತ್ತಿದ್ದ ನಾನು ಬೆಚ್ಚಿಬಿದ್ದೆ. ಆಕೆಯ ಮನೆತನದ ಹೆಸರು ರೊಸ್ಸಿ. ಅಷ್ಟಕ್ಕೇ ಮ್ಯಾನೇಜರ್ ಪೋಸ್ಟರಿನಲ್ಲಿ 'ಸಿನಿಮಾ ನಟ ರೊಸ್ಸಿಯ ತಂಗಿ' ಎಂದು ಬರೆಸಿದ್ದ.

"ಇರಲಿ ಬಿಡಿ ಮೇಡಂ, ಜನ ಬರ್ತಾರಲ್ಲ," ಎಂದೆ, ನನ್ನ ಹರಕು ಇಂಗ್ಲಿಷಿನಲ್ಲಿ.

"ರೊಸ್ಸಿ ಅಂತ ನಟರಿದ್ದಾರೆ, ಚಿತ್ರಕಾರರಿದ್ದಾರೆ, ಪಿಟೀಲಿನವರಿದ್ದಾರೆ. ಯಾರೂ ನನ್ನ ನೆಂಟರಲ್ಲ. ಹಾಡೋದು ನಾನು!" ಎಂದವಳೇ ಮ್ಯಾನೇಜರನ ಕಣ್ಣೆದುರೇ ಚೂರುಗಳನ್ನು ಕಸದ ಬುಟ್ಟಿಗೆ ಹಾಕಿದಳು. ಆ ಸಂಜೆ ಅರ್ಧ ಕುರ್ಚಿಗಳು ಖಾಲಿಯಿದ್ದವು. ಆಕೆ ಮಾತ್ರ ಸಭೆ ತುಂಬಿದೆಯೆಂಬಂತೆ ಹಾಡಿದಳು.

ಮುಂದಿನ ಶುಕ್ರವಾರ ರಾಜಧಾನಿ ಮನಾಮದಲ್ಲಿ ನಮ್ಮೂರವರ ಯಕ್ಷಗಾನವಿತ್ತು, ನನಗೂ ಒಂದು ವೇಷವಿತ್ತು. ನಾನು ಶೆಟ್ಟಿ. ಅಷ್ಟಕ್ಕೇ ಊರಿನ ಹೆಸರಾಂತ ವೇಷಧಾರಿ ಶೆಟ್ಟರ ಅಳಿಯನೆಂದೇ ಪ್ರತಿ ಸಲ ಮೈಕಿನಲ್ಲಿ ಕೂಗುತ್ತಿದ್ದರು, ನಾನೂ ಸುಮ್ಮನಿರುತ್ತಿದ್ದೆ. ಅಂದು ಕಿರೀಟ ಕಟ್ಟಿಕೊಂಡೇ ಹೋಗಿ ಮೈಕ್ ಕಿತ್ತುಕೊಂಡೆ: "ನಾನು ಅವರ ಅಳಿಯ ಅಲ್ಲ ಮಾರಾಯ್ರೆ. ಮೊದಲು ಕುಣಿತ ನೋಡಿ, ಮತ್ತೆ ಹೇಳಿ ಹೇಗುಂಟೂಂತ."

ಅಂದಿನಿಂದ ಚಪ್ಪಾಳೆ ಕಡಿಮೆಯಾದದ್ದು ನಿಜ. ಆದರೆ ಬಿದ್ದಷ್ಟೂ ನನಗೇ ಬಿದ್ದದ್ದು.