ಅಡ್ಡಕೋಲಿನ ಹನುಮಂತರಾಯಪ್ಪ ಸರ್

ಹನುಮಂತರಾಯಪ್ಪ ಸರ್ ಅವರ ಬೆನ್ನಿನ ಮೇಲೆ ಯಾವಾಗಲೂ ಹುಲ್ಲಿನ ಕಲೆ ಇರುತ್ತಿತ್ತು. ಜಾಲಹಳ್ಳಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನ ರಸ್ತೆಯಲ್ಲಿ ಎದುರಿಗೆ ಬಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ದಾಟಿ ಹೋದ ಮೇಲೆ ತಿರುಗಿ ನೋಡಿದರೆ ಹೆಗಲಿನಿಂದ ಸೊಂಟದವರೆಗೆ ಹಸಿರು, ಮಣ್ಣು, ಅಂಟಿಕೊಂಡ ಒಂದೆರಡು ಒಣಗಿದ ಎಲೆ. ಹಗಲೆಲ್ಲ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡಿ, ಸಂಜೆ ಕಾರ್ಖಾನೆಯ ಮೈದಾನದಲ್ಲಿ ನಮಗೆ ಪೋಲ್ ವಾಲ್ಟ್ ಕಲಿಸುತ್ತಿದ್ದರು. ಬೇರೆ ಕೋಚುಗಳು ನಿಂತು ನೋಡುತ್ತಾರೆ. ಇವರು ಅಡ್ಡಕೋಲಿನ ಕಂಬದ ಪಕ್ಕ ಅಂಗಾತ ಮಲಗಿ, ಕನ್ನಡಕ ಸರಿಪಡಿಸಿಕೊಂಡು, ನಾವು ಮೇಲೆ ದಾಟುವುದನ್ನು ಕೆಳಗಿನಿಂದ ನೋಡುತ್ತಿದ್ದರು.

"ನಿಂತ್ಕಂಡ್ ನೋಡುದ್ರೆ ನೀನ್ ಎಷ್ಟ್ ಎತ್ರ ಓದೆ ಅಂತ ಕಾಣ್ತದೆ, ಅಷ್ಟೇಯ. ಮಲಗಿ ನೋಡುದ್ರೆ ಬಾರ್‌ಗೂ ನಿನ್ನ ಎದೆಗೂ ಮಧ್ಯ ಎಷ್ಟ್ ಸಂದಿ ಅದೆ ಅಂತ ಕಾಣ್ತದೆ" ಎನ್ನುತ್ತಿದ್ದರು.

ಅವರ ಹೆಂಡತಿ ಗೌರಮ್ಮನವರಿಗೆ ಇದು ದೊಡ್ಡ ತಲೆನೋವು. ಬಾವಿಕಟ್ಟೆಯಂಥ ಸಿಮೆಂಟು ತೊಟ್ಟಿಯ ಪಕ್ಕ ಕೂತು ಅಂಗಿ ಉಜ್ಜುತ್ತ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು: "ನೀನಾದ್ರೂ ಯೋಳವ್ವ ಮಂಜುಳ, ಮಲಗಾಕೆ ಮನೇಲಿ ಮಂಚ ಇಲ್ವಾ ಅಂತ."

ಸರ್ ಮಾಗಡಿ ಕಡೆಯವರು. ಹುಡುಗರಾಗಿದ್ದಾಗ ಬಿದಿರಿನ ಗಳ ಊರಿ ಹಳ್ಳ ದಾಟಿ ಅಭ್ಯಾಸವಾಗಿತ್ತಂತೆ. ಆಮೇಲೆ ಪೋಲ್ ವಾಲ್ಟ್‌ಗೆ ಇಳಿದು, ಮರಳಿನ ಗುಂಡಿಗೆ ಬಿದ್ದು ಬಿದ್ದು ಬಲಮಂಡಿ ಹೋಯಿತು. ಅಷ್ಟರಲ್ಲಿ ಆಟಗಾರರ ಕೋಟಾದಲ್ಲಿ ಕಾರ್ಖಾನೆಗೆ ಸೇರಿದ್ದರು. "ಹಾರು" ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. "ಹಾರೋದು ಕಪ್ಪೆ ಕಣವ್ವ. ನಾವು ದಾಟೋದು" ಎನ್ನುತ್ತಿದ್ದರು.

ದಾಟುವುದೇ ನನಗೆ ಬರುತ್ತಿರಲಿಲ್ಲ. ಓಟ ಚೆನ್ನಾಗಿತ್ತು, ಕೋಲು ಊರುವುದೂ ಚೆನ್ನಾಗಿತ್ತು. ಬಾಗಿದ ಕೋಲು ನೆಟ್ಟಗಾಗುತ್ತ ನಮ್ಮನ್ನು ತಲೆಕೆಳಗಾಗಿ ಮೇಲಕ್ಕೆ ಎಸೆಯುತ್ತದೆ. ಮೊದಲು ಪಾದ, ಆಮೇಲೆ ತೊಡೆ, ಸೊಂಟ ಅಡ್ಡಕೋಲನ್ನು ದಾಟುತ್ತವೆ. ಅಷ್ಟರಲ್ಲಿ ಮೈ ತಿರುಗಿ ಮುಖ ನೆಲದ ಕಡೆಗಿರುತ್ತದೆ. ಉಳಿಯುವುದು ಎದೆ ಮತ್ತು ಕೈ. ಅಲ್ಲಿಗೆ ಬಂದ ಕೂಡಲೇ ನಾನು ಹೆದರಿ ತಲೆಯನ್ನು ಹಿಂದಕ್ಕೆ ಎಸೆಯುತ್ತಿದ್ದೆ. ತಲೆ ಹಿಂದೆ ಹೋದರೆ ಎದೆ ಮುಂದೆ ಬರುತ್ತದೆ. ಎದೆ ತಾಗಿ ಅಡ್ಡಕೋಲು ನನಗಿಂತ ಮೊದಲೇ ಕೆಳಗೆ ಬೀಳುತ್ತಿತ್ತು.

ಇದನ್ನು ತಿದ್ದಲು ಸರ್ ಮಳೆಗಾಲವಿಡೀ ಕೋಲನ್ನೇ ಮುಟ್ಟಿಸಲಿಲ್ಲ. ಮೈದಾನದ ಮೋಟುಗೋಡೆಯ ಮೇಲೆ ಬಟ್ಟೆ ಒಣಹಾಕಿದಂತೆ ಹೊಟ್ಟೆಯ ಮೇಲೆ ಮಲಗಿಸುತ್ತಿದ್ದರು. ಕಾಲು ಆಚೆ ಕಡೆ ಜೋತುಬಿಡಬೇಕು, ಗದ್ದ ಎದೆಗೆ ಒತ್ತಬೇಕು, ಬೆನ್ನು ಗುಂಡಗಾಗಬೇಕು. ಹೆಬ್ಬೆರಳು ಒಳಕ್ಕೆ ತಿರುಗಿಸಿದರೆ ಮೊಣಕೈ ತಾನಾಗಿ ಮೇಲೇಳುತ್ತದೆ. "ಕಾಲು ಕೆಳಕ್ಕೆ ಬಿಡು, ಸೊಂಟ ಅದ್ರ ಪಾಡಿಗ್ ಅದು ಮೇಲಕ್ಕೆ ಬತ್ತದೆ. ಬಾರ್ ನೋಡ್ಬ್ಯಾಡ. ದೊಡ್ಡೋರ್ ಮನೆ ಗಿಡ್ಡ ಬಾಗ್ಲು ದಾಟ್ತೀವಲ್ಲ, ಅಂಗೆ ಎದೆ ಒಳಕ್ ತಗಂಡು ದಾಟು." ಗೋಡೆ ಮುಗಿದ ಮೇಲೆ ಅಡ್ಡಕೋಲಿನ ಜಾಗದಲ್ಲಿ ಪೀಣ್ಯದ ಗಾರ್ಮೆಂಟ್ಸಿನಿಂದ ತಂದ ಅಗಲವಾದ ಎಲಾಸ್ಟಿಕ್ ಕಟ್ಟಿದರು. ತಾಗಿದರೂ ಬೀಳುವುದಿಲ್ಲ ಎಂದು ಗೊತ್ತಾದ ಮೇಲೆ ನನ್ನ ಕತ್ತು ನಿಧಾನವಾಗಿ ಸಡಿಲವಾಯಿತು. ಚಳಿಗಾಲದ ಹೊತ್ತಿಗೆ ಎಲಾಸ್ಟಿಕ್ ಅಲುಗಾಡುವುದು ಕಡಿಮೆಯಾಯಿತು.

ಆಗಲೇ ನಮ್ಮ ಅಪ್ಪ ತೀರಿಕೊಂಡರು. ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಬಾಗಿಲು ಒಡೆದರು, ಆಟೋ ತಂದರು, ಆಸ್ಪತ್ರೆಯಲ್ಲಿ ಹೃದಯಾಘಾತ ಎಂದರು. ಅಮ್ಮ ಅತ್ತಳು, ಅತ್ತೆಯರು ಅತ್ತರು. ನನಗೆ ಅಳು ಬರಲಿಲ್ಲ. ಬಂದವರಿಗೆ ಕಾಫಿ ಕೊಟ್ಟೆ, ಚಾಪೆ ಹಾಸಿದೆ. "ಹುಡುಗಿ ಗಟ್ಟಿ" ಎಂದು ಯಾರೋ ಹೇಳಿದರು. ಗಟ್ಟಿಯೇನೂ ಇರಲಿಲ್ಲ. ಹಲ್ಲು ಕೀಳಿಸಿಕೊಂಡ ದಿನ ಕೆನ್ನೆ ಇದ್ದೂ ಇಲ್ಲದಂತಿರುತ್ತದಲ್ಲ, ಮೈಯೆಲ್ಲ ಹಾಗಿತ್ತು.

ತಿಥಿ ಮುಗಿದ ಮಾರನೆಯ ಸಂಜೆ ಮೈದಾನಕ್ಕೆ ಹೋದೆ. ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಹೋದದ್ದು. ಸರ್ ನನ್ನನ್ನು ನೋಡಿದರು. ಅಪ್ಪನ ಜೊತೆ ದಿನಾ ಕ್ಯಾಂಟೀನಿನಲ್ಲಿ ಒಂದೇ ಮೇಜಿನಲ್ಲಿ ಉಂಡವರು. ಸಮಾಧಾನದ ಮಾತು ಒಂದೂ ಆಡಲಿಲ್ಲ.

"ಉಂಡ್ಯಾ?"

"ಹ್ಞೂ ಸಾರ್."

"ಇವತ್ತು ಕೋಲ್ ಬ್ಯಾಡ. ಆ ಪೆಟ್ಟಿಗೆ ಮೇಲ್ ಹತ್ತು, ಹಾಸಿಗೆ ಮೇಲಕ್ ಬೀಳು. ಬೀಳೋದ್ ಒಂದೇ ಮಾಡು."

ಮರದ ಪೆಟ್ಟಿಗೆ ಹತ್ತಿ, ನಾವು ಇಳಿಯುವ ದಪ್ಪ ಹಾಸಿಗೆಯ ಮೇಲೆ ಬೆನ್ನು ಕೊಟ್ಟು ಬಿದ್ದೆ. ಎದ್ದು ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಸರ್ ಎಂದಿನಂತೆ ಪಕ್ಕದಲ್ಲಿ ಮಲಗಿ ನೋಡುತ್ತಿದ್ದರು. "ಕತ್ತು ಬಿಗಿ ಹಿಡೀಬ್ಯಾಡ" ಎಂದು ಒಂದೆರಡು ಸಲ ಅಂದರು, ಅಷ್ಟೆ. ಉಳಿದ ಹುಡುಗಿಯರು ಮನೆಗೆ ಹೋದರು. ವಾಯುಪಡೆ ನೆಲೆಯ ಕಡೆಯಿಂದ ವಿಮಾನವೊಂದು ಸದ್ದು ಮಾಡುತ್ತ ಹೋಯಿತು. ಕತ್ತಲಾಗುವ ಮುಂಚೆ ಅವರು ಎದ್ದು ಮಂಡಿ ಉಜ್ಜಿಕೊಂಡು, "ಸಾಕು, ನಾಳೆ ಬಾ" ಎಂದರು. ಮರುದಿನವೂ ಅದನ್ನೇ ಮಾಡಿಸಿದರು. ಆ ವಾರವೆಲ್ಲ ನಾನು ಬರೀ ಬಿದ್ದೆ. ರಾತ್ರಿ ನಿದ್ದೆ ಬರತೊಡಗಿತು.

ರಾಜ್ಯಮಟ್ಟದ ಕ್ರೀಡಾಕೂಟ ಬೇಸಿಗೆಯ ಹೊಸ್ತಿಲಲ್ಲಿತ್ತು. ಕೋಲು ಬಸ್ಸಿನಲ್ಲಿ ಹಿಡಿಯುವುದಿಲ್ಲ. ಪೀಣ್ಯದ ಒಂದು ವರ್ಕ್‌ಶಾಪಿನ ಟೆಂಪೊ ಮೇಲೆ ಅದನ್ನು ಕಟ್ಟಿ, ತುದಿಗೆ ಕೆಂಪು ಬಟ್ಟೆ ಸಿಕ್ಕಿಸಿ, ಸರ್ ಮತ್ತು ನಾನು ಹಿಂದೆ ಕಬ್ಬಿಣದ ತುಂಡುಗಳ ನಡುವೆ ಕೂತು ಹೋದೆವು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಸ್ಕೂಟರಿನವನೊಬ್ಬ, "ಏನ್ ಗುರು ಇದು, ಪೆಂಡಾಲ್ ಗಳಾನಾ?" ಎಂದ. "ಹೂಂ ಕಣಪ್ಪ, ಮದುವೆಗೆ ಬಾ" ಎಂದರು ಸರ್.

ಅಂದು ಎರಡು ಸಲ ಅಡ್ಡಕೋಲು ಬೀಳಿಸಿದೆ. ಅದೇ ಹಳೆಯ ತಪ್ಪು, ಎದೆ. ಇನ್ನೊಂದು ಸಲ ಬಿದ್ದರೆ ಆಟ ಮುಗಿಯುತ್ತಿತ್ತು. ಕೋಚುಗಳನ್ನು ಬೇಲಿಯ ಆಚೆಗೆ ನಿಲ್ಲಿಸಿದ್ದರು. ಸರ್ ಬೇಲಿಯ ತಂತಿ ಹಿಡಿದು ಕರೆದರು.

"ಏನ್ ನೋಡ್ತಾ ಇದೀಯ ಮೇಲೆ ಓದಾಗ?"

"ಬಾರ್ ಸಾರ್."

"ಅದು ಇರೋದು ನಂಗ್ ಗೊತ್ತು, ನಿಂಗೂ ಗೊತ್ತು. ಇನ್ನೇನ್ ನೋಡೋದು? ನಿನ್ ಹೊಟ್ಟೆ ನೋಡ್ಕೊ. ಕೈ ಕೊನೇಗೆ ಬಿಡು."

ಓಡಿದೆ. ಕೋಲು ಬಾಗಿತು, ಎತ್ತಿತು. ಕಾಲು ಆಚೆ ಇಳಿಬಿಟ್ಟೆ, ಗದ್ದ ಒತ್ತಿ ಹೊಟ್ಟೆ ನೋಡಿದೆ, ಕೋಲನ್ನು ತಳ್ಳಿ ಹೆಬ್ಬೆರಳು ಒಳಕ್ಕೆ ತಿರುಗಿಸಿದೆ. ಹಾಸಿಗೆಯ ಮೇಲೆ ಬೆನ್ನು ಬಿದ್ದಾಗ ಅಡ್ಡಕೋಲು ಮೇಲೆ, ತನ್ನ ಜಾಗದಲ್ಲಿ, ಅಲುಗಾಡದೆ ಇತ್ತು. ಯಾರೋ ಚಪ್ಪಾಳೆ ಹೊಡೆದರು. ನಾನು ಎದ್ದು ನಿಂತು ಖುಷಿ ಬರುತ್ತದೆಂದು ಕಾದೆ. ಬರಲಿಲ್ಲ. ಎರಡನೇ ಸ್ಥಾನ ಬಂದು ಪದಕ ಕೊರಳಿಗೆ ಹಾಕಿದಾಗಲೂ ಅದು ಯಾರದೋ ಕೊರಳು ಎನ್ನಿಸಿತು.

ಸರ್ ಹತ್ತಿರ ಬಂದು ನನ್ನ ಮುಖ ನೋಡಿದರು. "ಏನೂ ಅನ್ನುಸ್ತಾ ಇಲ್ಲ, ಅಲ್ವಾ?"

"ಇಲ್ಲ ಸಾರ್."

"ಅನ್ನುಸ್ದೆ ಇದ್ರೂ ದಾಟಿದ್ದು ದಾಟಿದ್ದೇಯ. ಚಪ್ಲಿ ಆಕ್ಕೊ, ನೆಲ ಸುಡ್ತದೆ."

ಅಷ್ಟೇ. ಪಕ್ಕದ ಹೋಟೆಲಿನಲ್ಲಿ ದೋಸೆ ಕೊಡಿಸಿದರು. ನನ್ನ ಮುಖದಲ್ಲಿ ಇಲ್ಲದ್ದನ್ನು ಬೇರೆಯವರೆಲ್ಲ ಹುಡುಕುತ್ತಿದ್ದ ಆ ತಿಂಗಳುಗಳಲ್ಲಿ, ಇಲ್ಲ ಎಂಬುದನ್ನು ಇಲ್ಲವೆಂದೇ ಒಪ್ಪಿಕೊಂಡವರು ಅವರೊಬ್ಬರೇ.

ನನ್ನ ಪೋಲ್ ವಾಲ್ಟ್ ಇನ್ನು ಕೆಲವು ವರ್ಷ ನಡೆದು ಹೆಗಲಿನ ನೋವಿನಿಂದ ನಿಂತಿತು. ಹೂಡಿಯ ಒಂದು ಖಾಸಗಿ ಶಾಲೆಯಲ್ಲಿ ಆಟದ ಮೇಡಂ ಆದೆ. ಕಾರ್ಖಾನೆ ಮುಚ್ಚಿತು, ಸರ್ ಸ್ವಯಂನಿವೃತ್ತಿ ಪಡೆದು ಅಬ್ಬಿಗೆರೆಯಲ್ಲಿ ಬಾಡಿಗೆ ಮನೆ ಮಾಡಿದರು. ಮೈದಾನದ ಗೇಟಿಗೆ ಬೀಗ ಬಿತ್ತು. ಒಂದು ಶನಿವಾರ ಅವರು ಮೂರು ಬಸ್ಸು ಬದಲಾಯಿಸಿಕೊಂಡು ನನ್ನ ಶಾಲೆ ನೋಡಲು ಬಂದರು. ಸುತ್ತ ಅಪಾರ್ಟ್‌ಮೆಂಟುಗಳು, ನಡುವೆ ಟೈಲ್ಸ್ ಹಾಕಿದ ಅಂಗಳ. "ಓಡಾಕೇ ಜಾಗ ಇಲ್ವಲ್ಲವ್ವ" ಎಂದರು. ಆಮೇಲೆ ಕೆಟ್ಟದಾಗಿ ಅಂದೆನೇನೋ ಎಂಬಂತೆ, "ಮಕ್ಳು ಚೆನ್ನಾಗವ್ರೆ" ಎಂದು ಸೇರಿಸಿದರು. ಬಸ್ ಸ್ಟಾಪಿನವರೆಗೆ ಹೋದೆ. ಮಂಡಿ ಹಿಡಿದುಕೊಂಡು ಹತ್ತಿದರು, ಕಿಟಕಿ ಪಕ್ಕ ಸೀಟು ಸಿಗಲಿಲ್ಲ, ಜನರ ನಡುವೆ ಕಾಣೆಯಾದರು. ಅವರನ್ನು ಕಂಡದ್ದು ಅದೇ ಕೊನೆ.

ಸರ್ ತೀರಿಕೊಂಡ ಸುದ್ದಿ ಬಂದಾಗ ಶಾಲೆಯಲ್ಲಿ ಮಕ್ಕಳ ನಿಂಬೆಹಣ್ಣು-ಚಮಚದ ಓಟ ನಡೆಯುತ್ತಿತ್ತು. ಬೇರೆಯವರಿಗೆ ವಹಿಸಿ ಹೊರಟೆ. ಹೂಡಿಯಿಂದಲೇ ರಸ್ತೆಗಳೆಲ್ಲ ಕಟ್ಟಿಕೊಂಡು ಟ್ರಾಫಿಕ್ ಎಲ್ಲೆಲ್ಲೂ ನಿಂತಿತ್ತು. ಅಬ್ಬಿಗೆರೆ ತಲುಪುವಷ್ಟರಲ್ಲಿ ಎಲ್ಲ ಮುಗಿಸಿ, ಗಂಡಸರು ಸ್ನಾನ ಮಾಡಿ ಹೋಗಿದ್ದರು. ಗೌರಮ್ಮ ಗೋಡೆಗೊರಗಿ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ.

"ಓದ್ರು ಅಂತ ನಂಗಿನ್ನೂ ಅನ್ನುಸ್ತಾನೇ ಇಲ್ಲ ಕಣವ್ವ" ಎಂದರು.

"ನಂಗೂ ಇಲ್ಲ ಅಮ್ಮ."

ಹಿತ್ತಲಿನಲ್ಲಿ ಕೊಳಾಯಿ ಒಮ್ಮೆ ಕೆಮ್ಮಿ, ಗಾಳಿ ಬಿಟ್ಟು, ನೀರು ಸುರಿಯತೊಡಗಿತು. ಇನ್ನು ನೀರು ಬರುವುದು ಎರಡು ದಿನ ಬಿಟ್ಟು. ಗೌರಮ್ಮ ಗೋಡೆ ಹಿಡಿದು ಎದ್ದರು. ನಾನು ಸೀರೆಯ ಸೆರಗು ಸಿಕ್ಕಿಸಿ ಕೊಡ ಎತ್ತಿಕೊಂಡೆ. ಡ್ರಮ್ಮು, ಬಕೆಟ್ಟು, ಹಂಡೆ, ಸಿಕ್ಕಿದ್ದೆಲ್ಲ ತುಂಬಿಸುತ್ತ ಹೋದೆವು.