ಐನೋರ ಗಂಟು, ಐನೋರ ಹೆಲ್ಮೆಟ್ಟು

ಮದ್ದೂರಿನ ನಮ್ಮ ಮನೆಗೆ ಪೂಜೆಗೆ ಬರುತ್ತಿದ್ದ ಐನೋರಿಗೆ ಸೊಂಟ ಮುಟ್ಟುವ ದಟ್ಟ ಕೂದಲಿತ್ತು. ಅದನ್ನು ನಡುನೆತ್ತಿಯ ಮೇಲೆ ಗಂಟು ಕಟ್ಟುತ್ತಿದ್ದರು. ಕಳಸದ ಮೇಲೆ ಅಮ್ಮ ಇಟ್ಟ ತೆಂಗಿನಕಾಯಿಯನ್ನು ಒಂದು ಸಲವೂ ಒಪ್ಪಿದವರಲ್ಲ. ಬೆರಳಿನಿಂದ ತಟ್ಟಿ, "ಅಲ್ಲಾಡಬಾರದು ಕಣಮ್ಮ, ತೆಗೆದು ಮತ್ತೆ ಇಡು" ಎನ್ನುತ್ತಿದ್ದರು. ಅಮ್ಮ ಹಲ್ಲು ಕಚ್ಚಿಕೊಂಡು ಇಡುತ್ತಿದ್ದಳು.

ಪೊಲೀಸರ ಕಾಟಕ್ಕೆ ಐನೋರೂ ಹೆಲ್ಮೆಟ್ಟು ಕೊಂಡರು. ಅದು ಗಂಟಿನ ಮೇಲೆ ಕೂತು, ಕಿವಿಗೂ ಇಳಿಯದೆ, ಪಟ್ಟಿ ಗಲ್ಲಕ್ಕೂ ಎಟುಕದೆ ತೂಗಾಡುತ್ತಿತ್ತು. ಒಂದು ದಿನ ನಮ್ಮ ಬೀದಿಯ ರೋಡ್ ಹಂಪಿನ ಮೇಲೆ ಅವರ ಸ್ಕೂಟರು ಎಗರಿತು. ಐನೋರು ನಮ್ಮ ಮನೆ ಮುಟ್ಟಿದರು, ಹೆಲ್ಮೆಟ್ಟು ಚರಂಡಿ ಮುಟ್ಟಿತು.

ಅಮ್ಮ ಅದನ್ನು ತೊಳೆದು ತಂದಳು. "ಆ ಗಂಟು ಬಿಚ್ಚಿ ಐನೋರೇ. ಕತ್ತಿನ ತಾವ ಸಡಿಲವಾಗಿ ಜಡೆ ಆಕ್ಕಳಿ."

"ಜಡೆಯಾ? ನಾನಾ?"

"ಊಂ, ನೀವೇಯ. ತಲೆ ಉಳೀಬೇಕೋ ಬ್ಯಾಡ್ವೋ?"

ಐನೋರು ಜಗಲಿಯಲ್ಲಿ ಬೀದಿಗೆ ಬೆನ್ನು ಮಾಡಿ ಕೂತು ಹೆಣೆದುಕೊಂಡರು. ಹೆಲ್ಮೆಟ್ಟು ಹುಬ್ಬಿನವರೆಗೂ ಇಳಿಯಿತು, ಪಟ್ಟಿ ಗಲ್ಲದಡಿ ಬಿಗಿಯಾಯಿತು. ಎದ್ದು ಹೊರಟವರನ್ನು ಅಮ್ಮ ಬಿಡಲಿಲ್ಲ. ಹೆಲ್ಮೆಟ್ಟನ್ನು ಬೆರಳಿನಿಂದ ತಟ್ಟಿದಳು. ಅದು ಒಂಚೂರೂ ಅಲುಗಲಿಲ್ಲ.

"ಅಲ್ಲಾಡ್ತದೆ," ಅಂದಳು. "ತಗ್ದು ಮತ್ತೆ ಆಕ್ಕಳಿ."